ಶತ್ರು ನುಡಿದ ಸಾಕ್ಷಿ

ಕೊಡಗಿನ ಹಳ್ಳಿಯಲ್ಲಿ ಒಂದರ ಬೆನ್ನಿಗೆ ಒಂದರಂತೆ ಎರಡು ಗುಂಡಿನ ಸದ್ದು ಕೇಳಿದರೆ ಗದ್ದೆಯಲ್ಲಿದ್ದವರು ತಲೆಯೆತ್ತಿ ನೋಡುತ್ತಾರೆ. ಯಾರದೋ ಮನೆಯಲ್ಲಿ ಸಾವಾಗಿದೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ಟೆಲಿಗ್ರಾಂ, ಟೆಲಿಫೋನುಗಳು ಬರುವುದಕ್ಕೂ ಮೊದಲಿನ ಪದ್ಧತಿ ಇದು. ಬೆಟ್ಟದ ಆಚೆ ಬದಿಯ ಮನೆಯವರಿಗೂ ಸುದ್ದಿ ಮುಟ್ಟಬೇಕು, ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಆ ದಿಕ್ಕಿಗೆ ಹೊರಡಬೇಕು.

ಆದರೆ ಸಾವಾಗಿದೆ ಎಂಬುದೇ ಖಚಿತವಿಲ್ಲದಿದ್ದರೆ ಗುಂಡು ಹಾರಿಸುವುದು ಯಾವಾಗ?

1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಪಂಜಾಬಿನ ಆದಂಪುರ ವಾಯುನೆಲೆಯಿಂದ ಹಾರಿಹೋದ ಕೊಡಗಿನ ಅಧಿಕಾರಿಯೊಬ್ಬರು ಮರಳಿ ಬರಲಿಲ್ಲ. ಅವರ ಹೆಸರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ವಯಸ್ಸು 32. ಮನೆಯಲ್ಲಿ ಪತ್ನಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಅವರು ಹೇಗೆ ಸತ್ತರು, ಎಲ್ಲಿ ಸತ್ತರು, ಸಾಯುವ ಮುಂಚೆ ಏನು ಮಾಡಿದರು ಎಂಬುದು ಅವರ ಜೊತೆಗೆ ಹೋದವರಿಗೂ ತಿಳಿಯಲಿಲ್ಲ. ಅವರನ್ನು ಕಳಿಸಿದ ಅಧಿಕಾರಿಗೂ ತಿಳಿಯಲಿಲ್ಲ. ತಿಳಿದದ್ದು ಒಬ್ಬನಿಗೆ ಮಾತ್ರ. ಅವನು ಶತ್ರು ಪಾಳಯದ ಪೈಲಟ್.

ನನ್ನ ವಯಸ್ಸಿನವರಿಗೆ 1965ರ ಯುದ್ಧವೆಂದರೆ ಪಠ್ಯಪುಸ್ತಕದ ಒಂದು ಪ್ಯಾರಾ, ಲಾಲ್ ಬಹದ್ದೂರ್ ಶಾಸ್ತ್ರಿಯವರ ಚಿತ್ರ, ತಾಷ್ಕೆಂಟ್ ಎಂಬ ಊರಿನ ಹೆಸರು. ಅಷ್ಟರಲ್ಲಿ ದೇವಯ್ಯನವರ ಕತೆ ಹಿಡಿಸುವುದಿಲ್ಲ. ಹಾಗಾಗಿ ಸ್ವಲ್ಪ ಹಿಂದಿನಿಂದಲೇ ಹೇಳಬೇಕು.

ಆ ವರ್ಷದ ಆಗಸ್ಟ್‌ನಲ್ಲಿ ಕಾಶ್ಮೀರದೊಳಕ್ಕೆ ನುಸುಳುಕೋರರು ಬಂದರು. ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಟ್ಯಾಂಕುಗಳು ಛಾಂಬ್ ಕಡೆಯಿಂದ ನುಗ್ಗಿದವು. 6ರಂದು ಭಾರತದ ಸೇನೆ ಅಂತರರಾಷ್ಟ್ರೀಯ ಗಡಿ ದಾಟಿ ಲಾಹೋರ್ ದಿಕ್ಕಿಗೆ ಹೊರಟಿತು. ಅದೇ ಸಂಜೆ ಪಾಕಿಸ್ತಾನದ ಸೇಬರ್ ವಿಮಾನಗಳು ಪಠಾಣಕೋಟ್ ವಾಯುನೆಲೆಯ ಮೇಲೆ ಎರಗಿದವು. ನೆಲದ ಮೇಲೆ ನಿಂತಿದ್ದ ನಮ್ಮ ಹತ್ತು ವಿಮಾನಗಳು ಸುಟ್ಟುಹೋದವು. ಅವುಗಳಲ್ಲಿ ಎರಡು ಆಗತಾನೇ ಬಂದಿದ್ದ ಮಿಗ್-21. ಮಲಗಿದ್ದವನ ಕೆನ್ನೆಗೆ ಹೊಡೆದ ಹಾಗೆ ಆಗಿತ್ತು ಆ ಸಂಜೆ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಇದಕ್ಕೆ ಉತ್ತರ ಕೊಡಬೇಕು ಎಂದು ತೀರ್ಮಾನವಾಯಿತು. ಗುರಿ ಸರ್ಗೋಧಾ.

ಸರ್ಗೋಧಾ ಪಾಕಿಸ್ತಾನದ ವಾಯುಪಡೆಯ ಹೃದಯವಿದ್ದಂತೆ. ಸುತ್ತಮುತ್ತ ಹಲವು ಸಣ್ಣ ಓಡುಹಾದಿಗಳು, ರಾಡಾರ್, ವಿಮಾನವಿರೋಧಿ ತೋಪುಗಳು, ಅಮೆರಿಕ ಕೊಟ್ಟಿದ್ದ ಸೇಬರ್‌ಗಳು, ಅದಕ್ಕಿಂತ ಹೆಚ್ಚಾಗಿ ಸ್ಟಾರ್‌ಫೈಟರ್‌ಗಳು. ಆದಂಪುರದಿಂದ ನೇರ ಹಾರಿದರೆ ಸುಮಾರು 300 ಕಿಲೋಮೀಟರ್. ಕಾಗದದ ಮೇಲೆ ದೊಡ್ಡ ದೂರವಲ್ಲ. ಆದರೆ ಹಾರಬೇಕಾಗಿದ್ದದ್ದು ಮಿಸ್ಟೇರ್ ವಿಮಾನದಲ್ಲಿ, ರಾಡಾರ್ ಕಣ್ಣು ತಪ್ಪಿಸಲು ಮರಗಳ ನೆತ್ತಿ ಸವರುವಷ್ಟು ಕೆಳಗೆ, ಮಬ್ಬುಗತ್ತಲಿನಲ್ಲಿ. ಕೆಳಗೆ ಹಾರುವ ಜೆಟ್ ವಿಮಾನ ಇಂಧನವನ್ನು ಬಹುಬೇಗ ಕುಡಿದುಬಿಡುತ್ತದೆ. ಹೋಗಿ, ಹೊಡೆದು, ನೇರ ವಾಪಸು ಬರುವುದಕ್ಕೆ ಸಾಕಾಗುವಷ್ಟೇ ಇಂಧನ. ದಾರಿಯಲ್ಲಿ ನಿಂತು ಜಗಳವಾಡುವುದಕ್ಕೆ ಇರಲಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಂಡಿರಬೇಕು.

ದಾಳಿಯ ಹೊಣೆ ಬಿದ್ದದ್ದು ‘ಟೈಗರ್ಸ್’ ಎಂದು ಹೆಸರಾದ ಒಂದನೇ ಸ್ಕ್ವಾಡ್ರನ್ ಮೇಲೆ. ಮುಂದಾಳು ವಿಂಗ್ ಕಮಾಂಡರ್ ಓಂ ಪ್ರಕಾಶ್ ತನೇಜಾ. ಹನ್ನೆರಡು ವಿಮಾನಗಳು ಹೋಗುವುದು, ಯಾವುದಾದರೂ ಕೈಕೊಟ್ಟರೆ ಆ ಜಾಗ ತುಂಬಲು ಎರಡು ವಿಮಾನಗಳು ಸಿದ್ಧವಾಗಿ ನಿಲ್ಲುವುದು ಎಂದು ಗೊತ್ತುಮಾಡಲಾಯಿತು. ಹಾಗೆ ಸಿದ್ಧ ನಿಂತವರಲ್ಲಿ ದೇವಯ್ಯ ಒಬ್ಬರು. ಅಂದರೆ ಅವರ ಹೆಸರು ಹನ್ನೆರಡರ ಪಟ್ಟಿಯಲ್ಲೇ ಇರಲಿಲ್ಲ.

ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು. ತಂದೆ ವೈದ್ಯರು. 1954ರಲ್ಲಿ ವಾಯುಪಡೆಗೆ ಸೇರಿ ಪೈಲಟ್ ಆದರು. ಯುದ್ಧ ಬಂದಾಗ ಅವರು ಹೊಸ ಹುಡುಗರಿಗೆ ಹಾರಾಟ ಕಲಿಸುವ ಬೋಧಕರಾಗಿದ್ದರು. ಅಲ್ಲಿಂದ ಆದಂಪುರಕ್ಕೆ ಕಳಿಸಲಾಗಿತ್ತು. ಹಾರಾಟದ ಬೋಧಕ ಎಂದರೆ ಏನು ಎಂಬುದನ್ನು ಹೇಳಬೇಕು. ವಿಮಾನ ಯಾವ ವೇಗಕ್ಕೆ ತಿರುಗುತ್ತದೆ, ಯಾವ ವೇಗಕ್ಕಿಂತ ಕೆಳಗಿಳಿದರೆ ಹಿಡಿತ ತಪ್ಪುತ್ತದೆ, ಎಷ್ಟು ಬಗ್ಗಿಸಬಹುದು ಎಂಬುದು ಅಂಥವರ ಅಂಗೈ ರೇಖೆ. ಒಂದೇ ಪಾಠವನ್ನು ನೂರು ಸಲ ಹೇಳಿಕೊಟ್ಟವರಿಗೆ ಅದನ್ನು ಯೋಚಿಸಿ ಮಾಡಬೇಕಾದ ಅಗತ್ಯ ಇರುವುದಿಲ್ಲ.

ಬೆಳಗಿನ ಜಾವ ಐದೂವರೆಯ ಹೊತ್ತಿಗೆ ಮಿಸ್ಟೇರ್‌ಗಳು ನೆಲ ಬಿಟ್ಟವು. ಹೋಗಬೇಕಾಗಿದ್ದವುಗಳಲ್ಲಿ ಒಂದು ಹಿಂದೆ ಉಳಿಯಿತು. ಒಂದು ಜಾಗ ಖಾಲಿಯಾಯಿತು. ದೇವಯ್ಯ ಹೊರಟರು.

ಸುಮಾರು ಅರ್ಧ ಗಂಟೆಯ ಮೇಲೆ ಸರ್ಗೋಧಾದ ಮೇಲೆ ದಾಳಿ ನಡೆಯಿತು. ಅಲ್ಲಿ ಎಷ್ಟು ಹಾನಿಯಾಯಿತು ಎಂಬುದರ ಬಗ್ಗೆ ಎರಡೂ ದೇಶಗಳ ಲೆಕ್ಕ ಇವತ್ತಿಗೂ ಒಂದಾಗಿಲ್ಲ. ಯುದ್ಧದ ಲೆಕ್ಕಗಳು ಹಾಗೆಯೇ. ದಾಳಿ ಮುಗಿಸಿದ ವಿಮಾನಗಳು ಪೂರ್ವಕ್ಕೆ ತಿರುಗಿ ಮನೆಯ ದಾರಿ ಹಿಡಿದವು. ಆದಂಪುರದಲ್ಲಿ ಒಂದೊಂದಾಗಿ ಇಳಿದವು. ಎಣಿಸಿದಾಗ ಒಂದು ಕಡಿಮೆ. ದೇವಯ್ಯ ಇಲ್ಲ.

ನಸುಕು. ಮಾತಿಲ್ಲದ ರೇಡಿಯೋ. ಪ್ರತಿಯೊಬ್ಬರ ಕಣ್ಣೂ ಮುಂದಿನ ನೆಲದ ಮೇಲೆ. ತೋಪಿನ ಗುಂಡು ತಗುಲಿತೇ, ದಾರಿ ತಪ್ಪಿತೇ, ಇಂಧನ ಮುಗಿಯಿತೇ, ನೆಲಕ್ಕೆ ಬಡಿಯಿತೇ? ಯಾರೂ ನೋಡಿರಲಿಲ್ಲ. ದಾಖಲೆಯಲ್ಲಿ ‘ಕಾಣೆಯಾಗಿದ್ದಾರೆ’ ಎಂದು ಬರೆದುಕೊಂಡರು.

‘ಕಾಣೆ’ ಎಂಬ ಪದ

ಸೈನ್ಯದ ಕಡತಗಳಲ್ಲಿ ಸತ್ತವನಿಗೆ ಒಂದು ಜಾಗವಿದೆ, ಗಾಯಗೊಂಡವನಿಗೆ ಒಂದು ಜಾಗವಿದೆ, ಸೆರೆಸಿಕ್ಕವನಿಗೂ ಇದೆ. ಕಾಣೆಯಾದವನು ಇವೆಲ್ಲದರ ನಡುವೆ ನಿಂತಿರುತ್ತಾನೆ. ಸಾಮಾನ್ಯ ನಾಗರಿಕನೊಬ್ಬ ಏಳು ವರ್ಷ ಸುದ್ದಿಯಿಲ್ಲದೆ ಹೋದರೆ ಅವನು ಸತ್ತಿದ್ದಾನೆಂದು ಭಾವಿಸಬಹುದು ಎಂದು ನಮ್ಮ ಸಾಕ್ಷ್ಯ ಕಾನೂನು 1872ರಿಂದ ಹೇಳುತ್ತ ಬಂದಿದೆ. ಸೈನ್ಯ ಅಷ್ಟು ಕಾಯುವುದಿಲ್ಲ. ವಿಚಾರಣೆ ನಡೆಸಿ, ಬದುಕಿರುವ ಸಾಧ್ಯತೆ ಇಲ್ಲವೆಂದು ಕಂಡರೆ ‘ಸತ್ತಿರಬಹುದೆಂದು ಭಾವಿಸಲಾಗಿದೆ’ ಎಂದು ಬರೆಯುತ್ತದೆ. ಕಡತಕ್ಕೆ ಅದು ಸಾಕು. ಮನೆಯವರಿಗೆ ಸಾಕಾಗುವುದಿಲ್ಲ. ‘ಭಾವಿಸಲಾಗಿದೆ’ ಎಂಬ ಕ್ರಿಯಾಪದದ ಮೇಲೆ ತಿಥಿ ಮಾಡುವುದು ಹೇಗೆ? 1971ರ ಯುದ್ಧದಲ್ಲಿ ಕಾಣೆಯಾದ 54 ಮಂದಿಯ ಕುಟುಂಬಗಳು ಪಾಕಿಸ್ತಾನದ ಜೈಲುಗಳ ಬಾಗಿಲನ್ನು ದಶಕಗಟ್ಟಲೆ ನೋಡುತ್ತ ಕುಳಿತದ್ದು ಈ ಒಂದು ಪದದಿಂದಾಗಿ.

ಅದೇ ಯುದ್ಧದ ಇನ್ನೊಂದು ಕೊಡಗಿನ ಮನೆಯ ಕತೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಯುದ್ಧವಿರಾಮ ಜಾರಿಗೆ ಬರಲು ಇನ್ನೇನು ಕೆಲವು ಗಂಟೆಗಳಿವೆ ಎನ್ನುವಾಗ, ಸೆಪ್ಟೆಂಬರ್ 22ರಂದು, ಹಂಟರ್ ವಿಮಾನ ಹಾರಿಸುತ್ತಿದ್ದ ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ ಪಾಕಿಸ್ತಾನದ ನೆಲದ ಮೇಲೆ ಬಿದ್ದರು. ಜನರಲ್ ಕಾರ್ಯಪ್ಪನವರ ಒಬ್ಬನೇ ಮಗ. ಅವರು ಸೆರೆಸಿಕ್ಕ ಸುದ್ದಿಯನ್ನು ಪಾಕಿಸ್ತಾನದ ರೇಡಿಯೋ ತಾನೇ ಸಾರಿತು. ಅಧ್ಯಕ್ಷ ಅಯೂಬ್ ಖಾನ್ ದೇಶವಿಭಜನೆಗೆ ಮೊದಲು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನನ್ನು ಬಿಟ್ಟುಕೊಡುವ ಮಾತು ಅವರಿಂದ ಬಂತು. ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಬಿಟ್ಟರೆ ಎಲ್ಲರನ್ನೂ ಬಿಡಿ ಎಂಬರ್ಥದ ಉತ್ತರವನ್ನು ಕಾರ್ಯಪ್ಪ ಕೊಟ್ಟರು. ಈ ಪ್ರಸಂಗ ಎಲ್ಲರಿಗೂ ಗೊತ್ತು. ಮಡಿಕೇರಿಯ ಶಾಲಾ ಮಕ್ಕಳೂ ಹೇಳುತ್ತಾರೆ. ಮಗ ಕೆಲವು ತಿಂಗಳಲ್ಲಿ ಮರಳಿದರು.

ಒಂದೇ ಜಿಲ್ಲೆ, ಒಂದೇ ಯುದ್ಧ, ಹದಿನೈದು ದಿನದ ಅಂತರ. ಒಂದು ಮನೆಗೆ ಶತ್ರುದೇಶದ ಅಧ್ಯಕ್ಷನಿಂದಲೇ ಸುದ್ದಿ. ಇನ್ನೊಂದು ಮನೆಗೆ ಮೌನ. ತಾಷ್ಕೆಂಟ್ ಒಪ್ಪಂದವಾಯಿತು, ಕೈದಿಗಳ ವಿನಿಮಯವಾಯಿತು, ಹಿಂತಿರುಗಿದವರಲ್ಲಿ ದೇವಯ್ಯ ಇರಲಿಲ್ಲ. ಪದಕಗಳ ಪಟ್ಟಿ ಬಂತು. ಸರ್ಗೋಧಾ ದಾಳಿಗಾಗಿ ತನೇಜಾ ಅವರಿಗೆ ವೀರಚಕ್ರ ಸಿಕ್ಕಿತು. ದೇವಯ್ಯನವರಿಗೆ ಏನನ್ನು ಕೊಡುವುದು? ಅವರು ಏನು ಮಾಡಿದರೆಂದು ಯಾರಿಗೂ ಗೊತ್ತಿರಲಿಲ್ಲವಲ್ಲ.

ಇಲ್ಲಿ ಯಾರನ್ನೂ ದೂರುವ ಹಾಗಿಲ್ಲ. ಶೌರ್ಯ ಪ್ರಶಸ್ತಿಯ ಶಿಫಾರಸು ಹೊರಡಬೇಕಾದರೆ ಕಂಡವರು ಬೇಕು. ಈ ನಿಯಮ ಇಂದಿನದಲ್ಲ. ನಮ್ಮ ಊರ ಮುಂದಿನ ವೀರಗಲ್ಲುಗಳನ್ನೇ ನೋಡಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿರುವುದು, ಮೇಲೆ ಶಿವನ ಸನ್ನಿಧಿ. ಪಟ್ಟಿಗಳ ನಡುವೆ ಅಕ್ಷರ: ಯಾವ ಅರಸನ ಕಾಲ, ಯಾವ ಊರಿನ ಕಾಳಗ, ಇವನು ಯಾರ ಮಗ, ಯಾರನ್ನು ಕೊಂದು ಸತ್ತ. ಇಷ್ಟನ್ನು ಕೆತ್ತಬೇಕಾದರೆ ಕಲ್ಲುಕುಟಿಗನಿಗೆ ಯಾರೋ ಹೇಳಿರಬೇಕು. ಹೇಳಿದವರು ಜೊತೆಯಲ್ಲಿ ಕಾದಾಡಿ ಬದುಕಿ ಬಂದವರು, ಇಲ್ಲವೇ ಕಣ್ಣಾರೆ ಕಂಡು ಮೆಚ್ಚಿದ ಒಡೆಯ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಕಲ್ಲಿನಲ್ಲಿ, ನಾಗತ್ತರ ಎಂಬವನು ತುಂಬೆಪಾಡಿಯಲ್ಲಿ ಆನೆಗಳ ನಡುವೆ ಕಾದಿ ಸತ್ತದ್ದೂ, ಆಮೇಲೆ ಎರೆಯಪ್ಪ ಎಂಬ ದೊರೆ ಆ ಪದವಿಯನ್ನು ಇರುಗ ಎಂಬವನಿಗೆ ಕೊಟ್ಟು ಹನ್ನೆರಡು ಹಳ್ಳಿಗಳನ್ನು ದತ್ತಿ ಬಿಟ್ಟದ್ದೂ ಇದೆ. ಕಲ್ಲು ಬರೀ ನೆನಪಿಗಲ್ಲ. ಕಲ್ನಾಡು, ನೆತ್ತರುಗೊಡಗಿ ಎಂದು ಸತ್ತವನ ಹಿಂದಿನವರಿಗೆ ನೆಲವೂ ಸಿಗುತ್ತಿತ್ತು. ಪುರಾವೆ ಇಲ್ಲದೆ ನೆಲ ಯಾರು ಕೊಡುತ್ತಾರೆ?

ಕಂಡವರೇ ಇಲ್ಲದ ಕಾಳಗಗಳಿಗೆ ಕಲ್ಲು ಏಳಲಿಲ್ಲ. ಅಂಥವು ಎಷ್ಟಿದ್ದವೋ. ದೇವಯ್ಯನವರದೂ ಅವುಗಳ ಪೈಕಿ ಒಂದಾಗಿ ಹೋಗುತ್ತಿತ್ತು.

ಬ್ರಿಟಿಷ್ ಪತ್ರಕರ್ತನ ಪುಸ್ತಕ

1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ವೈಮಾನಿಕ ಪತ್ರಕರ್ತನ ಪುಸ್ತಕವೊಂದು ಹೊರಬಂತು. ಹೆಸರು ‘ಬ್ಯಾಟಲ್ ಫಾರ್ ಪಾಕಿಸ್ತಾನ್’. ವಿಷಯ 1965ರ ವಾಯುಯುದ್ಧ. ಪಾಕಿಸ್ತಾನದ ವಾಯುಪಡೆಯ ಸಹಕಾರ ಪಡೆದು ಬರೆದದ್ದು. ಪುಟ ಪುಟದಲ್ಲೂ ಆ ವಾಯುಪಡೆಯ ಬಗ್ಗೆ ಮೆಚ್ಚುಗೆ. ಭಾರತದ ಓದುಗರು ಇದು ಏಕಪಕ್ಷೀಯವೆಂದು ಮುಖ ಸಿಂಡರಿಸಿದ ಪುಸ್ತಕ. ಅದರಲ್ಲೇ ಸೆಪ್ಟೆಂಬರ್ 7ರ ಬೆಳಗಿನ ಒಂದು ಪ್ರಸಂಗ ಇತ್ತು.

ಅಂದು ಬೆಳಿಗ್ಗೆ ಸರ್ಗೋಧಾದ ಮೇಲೆ ಕಾವಲಿಗೆ ಹಾರುತ್ತಿದ್ದವನು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ವಿಮಾನ ಸ್ಟಾರ್‌ಫೈಟರ್. ದಾಳಿ ಮುಗಿಸಿ ಮರಳುತ್ತಿದ್ದ ಮಿಸ್ಟೇರ್‌ಗಳ ಬೆನ್ನು ಹತ್ತಿದ. ಒಂದನ್ನು ಹಿಡಿದು ತೋಪಿನಿಂದ ಹೊಡೆದ. ಗುಂಡುಗಳು ತಗುಲಿದವು. ಇದರ ಕತೆ ಮುಗಿಯಿತು ಎಂದುಕೊಂಡ. ಮುಗಿದಿರಲಿಲ್ಲ. ಪೆಟ್ಟು ತಿಂದ ಆ ಮಿಸ್ಟೇರ್ ಗಡಿಯ ಕಡೆ ಓಡುವ ಬದಲು ತಿರುಗಿ ಅವನ ಮೇಲೆ ಬಂತು. ನೆಲಕ್ಕೆ ಹತ್ತಿರದಲ್ಲೇ, ಒಂದರ ಹಿಂದೆ ಒಂದು ಸುತ್ತುತ್ತ, ಎರಡೂ ವಿಮಾನಗಳು ಕಾದಾಡಿದವು. ಮಿಸ್ಟೇರ್‌ನ ಗುಂಡುಗಳು ಸ್ಟಾರ್‌ಫೈಟರ್‌ಗೆ ಬಡಿದವು. ಅಮ್ಜದ್ ಹುಸೇನ್ ವಿಮಾನ ಬಿಟ್ಟು ಪ್ಯಾರಾಚೂಟ್‌ನಲ್ಲಿ ಇಳಿದು ಜೀವ ಉಳಿಸಿಕೊಂಡ. ಮಿಸ್ಟೇರ್ ಕೂಡ ಉಳಿಯಲಿಲ್ಲ. ಅದರ ಪೈಲಟ್ ಸತ್ತ.

ಪುಸ್ತಕದಲ್ಲಿ ಆ ಪೈಲಟ್‌ನ ಗುರುತು ಸ್ಪಷ್ಟವಿರಲಿಲ್ಲ. ಆದಂಪುರದವರಿಗೆ ಗುರುತು ಬೇಕಾಗಿರಲಿಲ್ಲ. ಆ ದಾಳಿಯಿಂದ ಮರಳದವರು ಒಬ್ಬರೇ.

ಇದು ಎಂಥ ಕೆಲಸವೆಂದು ತಿಳಿಯಬೇಕಾದರೆ ಎರಡು ವಿಮಾನಗಳ ತೂಕ ಗೊತ್ತಿರಬೇಕು. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗುವ ಯಂತ್ರ. ಕ್ಷಿಪಣಿ, ಗಳಿಗೆಯಲ್ಲಿ ಗುಂಡಿನ ಮಳೆಗರೆಯುವ ಆರು ನಳಿಗೆಯ ತೋಪು. ಏಷ್ಯಾದ ಈ ಭಾಗದಲ್ಲಿ ಅದಕ್ಕೆ ಸಾಟಿಯಿಲ್ಲ ಎಂಬ ಹೆಸರಿತ್ತು. ಮಿಸ್ಟೇರ್ 1950ರ ದಶಕದ ಫ್ರೆಂಚ್ ವಿಮಾನ. ನೆಲದ ಗುರಿಗಳಿಗೆ ಹೊಡೆಯಲು ಬಳಸುತ್ತಿದ್ದದ್ದು. ಮೂಗು ಕೆಳಗೆ ಮಾಡಿ ಧುಮುಕಿದರೆ ಮಾತ್ರ ಶಬ್ದದ ವೇಗ ದಾಟುತ್ತಿತ್ತು. ಎದುರಿಗೆ ಬಂದರೆ ಓಡಲೂ ಆಗದು.

ಆದರೆ ಸ್ಟಾರ್‌ಫೈಟರ್‌ನ ರೆಕ್ಕೆಗಳು ಚಾಕುವಿನಂತೆ ತೆಳು, ಬಲು ಮೊಟಕು. ಒಂದು ತುದಿಯಿಂದ ಇನ್ನೊಂದು ತುದಿಗೆ ಏಳು ಮೀಟರ್ ಕೂಡ ಇಲ್ಲ. ನೇರ ಓಡಲು ಅದು ಬಾಣ, ತಿರುಗಲು ಎತ್ತಿನ ಗಾಡಿ. ತಿರುಗಾಟದ ಜಗಳಕ್ಕೆ ಇಳಿದರೆ ಅದರ ವೇಗವೆಲ್ಲ ಸೋರಿಹೋಗುತ್ತದೆ. ಬುದ್ಧಿವಂತ ಸ್ಟಾರ್‌ಫೈಟರ್ ಪೈಲಟ್ ಹೊಡೆದು ಮೇಲೇರಿ ದೂರ ಹೋಗಬೇಕು. ಅಮ್ಜದ್ ಹುಸೇನ್ ಹಾಗೆ ಮಾಡದೆ ನಿಧಾನದ ವಿಮಾನದೊಂದಿಗೆ ನಿಧಾನಕ್ಕಿಳಿದು ಸುತ್ತತೊಡಗಿದ. ಅಲ್ಲಿ ಅವನ ಎದುರಿಗಿದ್ದವರು ವಿಮಾನ ತಿರುಗಿಸುವುದನ್ನೇ ವರ್ಷಗಟ್ಟಲೆ ಪಾಠ ಹೇಳಿದ ಮೇಷ್ಟ್ರು. ಇದು ನನ್ನ ಊಹೆ ಸೇರಿದ ಮಾತು, ಒಪ್ಪುತ್ತೇನೆ. ಆದರೂ ಬೋಧಕರಾಗಿದ್ದದ್ದು ಅಂದು ಅವರ ಕೈಗೆ ಬಂದಿರಲೇಬೇಕು ಎನಿಸುತ್ತದೆ.

ಮೊದಲು ಹೇಳಿದ ಇಂಧನದ ಮಾತು ಇಲ್ಲಿಗೆ ಬರುತ್ತದೆ. ಪೆಟ್ಟು ಬಿದ್ದ ವಿಮಾನವನ್ನು ತಿರುಗಿಸಿದ ಆ ಕ್ಷಣದಲ್ಲಿ ದೇವಯ್ಯನವರಿಗೆ ಆದಂಪುರದ ದಾರಿ ಮುಚ್ಚಿಹೋಯಿತು. ಗೆದ್ದರೂ ಮನೆಗೆ ಮರಳುವಷ್ಟು ಇಂಧನ ಉಳಿಯುತ್ತಿರಲಿಲ್ಲ. ಆ ಲೆಕ್ಕ ಅವರಿಗೆ ಗೊತ್ತಿಲ್ಲದೆ ಇರಲು ಸಾಧ್ಯವಿಲ್ಲ. ದಿನಬೆಳಗಾದರೆ ಹುಡುಗರಿಗೆ ಅದೇ ಲೆಕ್ಕ ಹೇಳಿಕೊಡುತ್ತಿದ್ದವರು. ಮುಂದೆ ಹೋಗುತ್ತಿದ್ದ ಜೊತೆಗಾರರ ಬೆನ್ನ ಮೇಲೆ ಸ್ಟಾರ್‌ಫೈಟರ್ ಬೀಳಬಾರದೆಂದು ತಿರುಗಿದರೋ, ಓಡಿ ಪ್ರಯೋಜನವಿಲ್ಲವೆಂದು ತಿರುಗಿದರೋ ಹೇಳುವವರಿಲ್ಲ. ಜೊತೆಗಾರರು ಮಾತ್ರ ಸುರಕ್ಷಿತವಾಗಿ ಮರಳಿದರು.

ಪಾಕಿಸ್ತಾನದಲ್ಲಿ ಬಂದ ಕೆಲವು ವಿವರಣೆಗಳು ಬೇರೆ ರೀತಿ ಹೇಳುತ್ತವೆ. ಮಿಸ್ಟೇರ್ ಸಿಡಿದು ಅದರ ಚೂರುಗಳ ನಡುವೆ ಹಾದುಹೋಗಿ ಸ್ಟಾರ್‌ಫೈಟರ್ ಹಾಳಾಯಿತು ಎಂಬುದು ಆ ವಾದ. ಎರಡರಲ್ಲಿ ಯಾವುದನ್ನು ನಂಬಬೇಕು? ಕೋರ್ಟು ಕಚೇರಿ ವರದಿಗಾರಿಕೆ ಮಾಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ತನಗೆ ಅನುಕೂಲವಾದದ್ದನ್ನು ಯಾರು ಬೇಕಾದರೂ ಹೇಳಬಹುದು. ತನಗೆ ಅನನುಕೂಲವಾದದ್ದನ್ನು ಒಬ್ಬ ಹೇಳಿದರೆ ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ಕೇಳುತ್ತಾರೆ. ಪಾಕಿಸ್ತಾನದ ವಾಯುಪಡೆಯನ್ನು ಹೊಗಳಲೆಂದೇ ಬರೆದಂತಿದ್ದ ಪುಸ್ತಕದಲ್ಲಿ, ಅವರ ಹೆಮ್ಮೆಯ ವಿಮಾನವನ್ನು ಹಳೆಯ ಮಿಸ್ಟೇರ್ ಒಂದು ಕೆಡವಿತು ಎಂದು ಬಂದಿರುವುದು ಆ ಬಗೆಯ ಮಾತು. ಭಾರತದಲ್ಲೇ ಯಾರಾದರೂ ಇದನ್ನು ಮೊದಲು ಬರೆದಿದ್ದರೆ ಹುತಾತ್ಮನ ಮೇಲಿನ ಅಭಿಮಾನದ ಉತ್ಪ್ರೇಕ್ಷೆ ಎಂದು ತಳ್ಳಿಹಾಕುವುದು ಸುಲಭವಿತ್ತು.

ಪುಸ್ತಕ ಬಂದರೂ ಕೆಲಸ ತಾನಾಗಿ ಆಗಲಿಲ್ಲ. ತನೇಜಾ ಅಷ್ಟು ಹೊತ್ತಿಗೆ ಗ್ರೂಪ್ ಕ್ಯಾಪ್ಟನ್. ತಾನು ಕರೆದುಕೊಂಡು ಹೋದ ತಂಡದಲ್ಲಿ ಹಿಂದೆ ಉಳಿದ ಒಬ್ಬನೇ ಒಬ್ಬನ ವಿಷಯವನ್ನು ಅವರು ಕೈಬಿಡಲಿಲ್ಲ. ವಾಯುಪಡೆಯ ಮುಂದೆ, ಸರ್ಕಾರದ ಮುಂದೆ ಈ ಪ್ರಕರಣ ಇಟ್ಟು ಒತ್ತಾಯಿಸಿದರು. ಯುದ್ಧ ಮುಗಿದು ಇಷ್ಟು ವರ್ಷವಾದ ಮೇಲೆ ಪದಕ ಕೊಡುವುದು ಕಚೇರಿಗಳಿಗೆ ರೂಢಿಯಿಲ್ಲದ ಸಂಗತಿ. ಪುಸ್ತಕ ಬಂದ ಮೇಲೂ ಒಂಬತ್ತು ವರ್ಷ ಹಿಡಿಯಿತು. ಕಡೆಗೆ 1988ರಲ್ಲಿ ಸ್ಕ್ವಾಡ್ರನ್ ಲೀಡರ್ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಘೋಷಣೆಯಾಯಿತು. ಪರಮವೀರ ಚಕ್ರದ ನಂತರ ಯುದ್ಧಕಾಲದ ಅತ್ಯುನ್ನತ ಗೌರವ ಅದು. ಪತ್ನಿ ಸ್ವೀಕರಿಸಿದರು. 23 ವರ್ಷ ಕಳೆದಿತ್ತು.

ಇನ್ನೊಮ್ಮೆ ಸರ್ಗೋಧಾ

ಸರ್ಗೋಧಾ ಎಂಬ ಊರಿನ ಹೆಸರು ಇಂಥದೇ ಇನ್ನೊಂದು ಕತೆಯಲ್ಲಿ ಬರುತ್ತದೆ. 2001ರಲ್ಲಿ ಭಾರತದ ನಿವೃತ್ತ ಬ್ರಿಗೇಡಿಯರ್ ಎಂ.ಎಲ್. ಖೇತರ್‌ಪಾಲ್, ಎಂಬತ್ತು ದಾಟಿದ ವಯಸ್ಸಿನಲ್ಲಿ, ತಾವು ಹುಟ್ಟಿದ ಊರನ್ನು ಒಮ್ಮೆ ನೋಡಬೇಕೆಂದು ಪಾಕಿಸ್ತಾನಕ್ಕೆ ಹೋದರು. ಹುಟ್ಟಿದ ಊರು ಸರ್ಗೋಧಾ. ಅವರ ಮಗ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತರ್‌ಪಾಲ್ 1971ರ ಡಿಸೆಂಬರ್ 16ರಂದು ಬಸಂತರ್ ಕಾಳಗದಲ್ಲಿ ಸತ್ತಿದ್ದ. ವಯಸ್ಸು 21. ಸೈನ್ಯಕ್ಕೆ ಸೇರಿ ಆರು ತಿಂಗಳಾಗಿತ್ತು. ಟ್ಯಾಂಕಿಗೆ ಬೆಂಕಿ ಹೊತ್ತಿದೆ, ಬಿಟ್ಟು ಬಾ ಎಂದು ರೇಡಿಯೋದಲ್ಲಿ ಬಂದ ಸೂಚನೆಗೆ, ಗನ್ ಇನ್ನೂ ಕೆಲಸ ಮಾಡುತ್ತಿದೆ ಎಂದು ಉತ್ತರಿಸಿ ಹೊಡೆಯುತ್ತಲೇ ಹೋದ ಹುಡುಗ. ಪರಮವೀರ ಚಕ್ರ ಬಂದಿತ್ತು.

ಲಾಹೋರಿನಲ್ಲಿ ಆ ಮುದುಕರನ್ನು ಮನೆಯಲ್ಲಿಟ್ಟುಕೊಂಡು ಉಪಚರಿಸಿದವರು ಪಾಕಿಸ್ತಾನದ ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸಿರ್. ಮನೆಮಂದಿಯೆಲ್ಲ ಬಹಳ ಗೌರವದಿಂದ ನೋಡಿಕೊಂಡರು. ಹೊರಡುವ ಹಿಂದಿನ ರಾತ್ರಿ ಆತಿಥೇಯ ಬಾಯಿಬಿಟ್ಟರು: ಬಸಂತರ್‌ನಲ್ಲಿ ನಿಮ್ಮ ಮಗನ ಎದುರಿಗೆ ಟ್ಯಾಂಕಿನಲ್ಲಿದ್ದವನು ನಾನೇ, ಅವನು ಸತ್ತದ್ದು ನನ್ನ ಕೈಯಲ್ಲಿ. ಮಗ ಎಷ್ಟು ಧೈರ್ಯದಿಂದ ನಿಂತ ಎಂಬುದನ್ನೂ ಹೇಳಿದರು. ಊಟ ಹಾಕಿದ ಕೈಯೇ ಮಗನನ್ನು ಕೊಂದ ಕೈ ಎಂದು ತಿಳಿದ ತಂದೆ ಆ ರಾತ್ರಿ ಹೇಗೆ ನಿದ್ದೆ ಮಾಡಿದರೋ. ಅರುಣ್‌ನ ಪದಕಕ್ಕೆ ಈ ಮಾತು ಬೇಕಿರಲಿಲ್ಲ. ತಂದೆಗೆ ಬೇಕಿತ್ತೇನೋ.

ಗಡಿಯ ಆ ಬದಿಗೂ ಇದೇ ಸಾಕ್ಷಿ ಹೋದದ್ದುಂಟು. 1999ರ ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್ ಬಳಿ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ ಸತ್ತ. ವಿಚಿತ್ರವೆಂದರೆ ‘ಕರ್ನಲ್’ ಎಂಬುದು ಅವನ ಹುದ್ದೆಯಲ್ಲ, ಮನೆಯವರು ಇಟ್ಟ ಹೆಸರು. ಕಾರ್ಗಿಲ್‌ನಲ್ಲಿರುವವರು ನಮ್ಮ ಸೈನಿಕರೇ ಅಲ್ಲ ಎಂದು ಪಾಕಿಸ್ತಾನ ಸರ್ಕಾರ ಹೇಳುತ್ತಿದ್ದ ದಿನಗಳವು. ತನ್ನ ದೇಶವೇ ತನ್ನವನೆನ್ನದ ಆ ಅಧಿಕಾರಿಯ ದೇಹವನ್ನು ಹಿಂತಿರುಗಿಸುವಾಗ, ಭಾರತದ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಅವನ ಜೇಬಿನಲ್ಲಿ ಒಂದು ಚೀಟಿ ಇಡಿಸಿದರು. ಇವನು ಬಹಳ ಧೈರ್ಯದಿಂದ ಹೋರಾಡಿದ, ಇವನಿಗೆ ಸಲ್ಲಬೇಕಾದದ್ದು ಸಲ್ಲಲಿ ಎಂಬುದು ಅದರ ಸಾರ. ಪಾಕಿಸ್ತಾನ ಅವನಿಗೆ ತನ್ನ ಅತ್ಯುನ್ನತ ಗೌರವವಾದ ನಿಶಾನ್-ಎ-ಹೈದರ್ ಕೊಟ್ಟಿತು.

ಯುದ್ಧದಲ್ಲಿ ಎದುರಾಳಿಯ ಮುಖ ಹತ್ತಿರದಿಂದ ಕಾಣುವುದು ಕೆಲವರಿಗೆ ಮಾತ್ರ. ದೆಹಲಿಯಲ್ಲೋ ಇಸ್ಲಾಮಾಬಾದಿನಲ್ಲೋ ಕುಳಿತವರಿಗೆ ಕಾಣುವುದಿಲ್ಲ. ಕಂಡವರು ಬದುಕಿ, ಬಾಯಿ ಬಿಡುವ ಮನಸ್ಸೂ ಮಾಡಿದರೆ ಮಾತ್ರ ನಮಗೆ ತಿಳಿಯುತ್ತದೆ. ಇದರಲ್ಲಿ ಸರ್ಕಾರಗಳ ಪಾತ್ರ ತೀರ ಕಡಿಮೆ. 1965ರ ಯುದ್ಧದ ಅಧಿಕೃತ ಇತಿಹಾಸವನ್ನು ನಮ್ಮ ರಕ್ಷಣಾ ಸಚಿವಾಲಯ ಸಿದ್ಧಪಡಿಸಿದ್ದು 1992ರಲ್ಲಿ. ಅದೂ ವರ್ಷಗಟ್ಟಲೆ ಬೀಗದ ಹಿಂದೆಯೇ ಇತ್ತು.

ದೇವಯ್ಯನವರ ದೇಹ ಏನಾಯಿತು ಎಂಬುದೂ ಆ ಬದಿಯಿಂದಲೇ ತಿಳಿದದ್ದು. ಬಿದ್ದ ಪೈಲಟ್‌ನ ದೇಹ ಹೆಚ್ಚು ಹಾಳಾಗದೆ ಹಳ್ಳಿಯವರಿಗೆ ಸಿಕ್ಕಿತೆಂದೂ ಅವರು ಅದನ್ನು ಹೊಲದಲ್ಲಿ ಮಣ್ಣು ಮಾಡಿದರೆಂದೂ ಎಷ್ಟೋ ವರ್ಷಗಳ ಮೇಲೆ ಪಾಕಿಸ್ತಾನದ ಮೂಲಗಳಿಂದ ಬಂದ ಸುದ್ದಿ ಹೇಳುತ್ತದೆ. ಯುದ್ಧದ ನಡುವೆ, ಬಾಂಬು ಹಾಕಿ ಹೋಗುತ್ತಿದ್ದ ದೇಶದ ಪೈಲಟ್‌ಗೆ ಗುಂಡಿ ತೋಡಿದ ಆ ರೈತರು ಯಾರೋ. ಕೊಡವರಲ್ಲಿ ಹಿರಿಯರನ್ನು ನೆನೆಯಲು ಕೈಮಡವಿದೆ, ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪವಿದೆ. ಅಜ್ಜಮಾಡ ಒಕ್ಕದ ಈ ಮಗನ ಮಣ್ಣು ಮಾತ್ರ ಗಡಿಯ ಆಚೆಗೆಲ್ಲೋ ಸೇರಿಹೋಯಿತು.

ಮಡಿಕೇರಿಯಲ್ಲಿ ಈಗ ದೇವಯ್ಯನವರ ಹೆಸರಿನ ವೃತ್ತವಿದೆ, ಪ್ರತಿಮೆಯಿದೆ. ಬಸ್ಸಿಗೆ ಕಾಯುವವರು ಅದನ್ನು ನೋಡುತ್ತಾರೆ. 2025ರ ಜನವರಿಯಲ್ಲಿ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಿತ್ರ ಬಂದ ಮೇಲೆ ದೇಶದ ಉಳಿದ ಭಾಗದಲ್ಲೂ ಅವರ ಸಾಹಸದ ಮಾತು ಬಂತು. ಚಿತ್ರದಲ್ಲಿ ಪಾತ್ರದ ಹೆಸರು ಬೇರೆ. ಇದ್ದ ಹೆಸರನ್ನೇ ಇಟ್ಟಿದ್ದರೆ ಏನು ನಷ್ಟವಾಗುತ್ತಿತ್ತು ಎಂದು ಕೊಡಗಿನವರು ಕೇಳಿದರೆ ತಪ್ಪಲ್ಲ. ಹೆಸರಿಗಾಗಿ 23 ವರ್ಷ ಕಾದ ಮನೆ ಅದು.

ಆ ಚಿತ್ರದಲ್ಲಿ ಒಂದು ದೃಶ್ಯವಿದೆ. ಸೆರೆಸಿಕ್ಕ ಪಾಕಿಸ್ತಾನಿ ಪೈಲಟ್‌ನನ್ನು ಭಾರತದ ಅಧಿಕಾರಿ ಭೇಟಿಯಾಗಿ, ಕಾಣೆಯಾದ ತನ್ನ ಹುಡುಗನ ಬಗ್ಗೆ ಕೇಳುತ್ತಾನೆ. ಸಿನಿಮಾದವರ ಕಲ್ಪನೆ ಎಂದು ನೋಡುವವರು ಅಂದುಕೊಳ್ಳಬಹುದು. ಅರ್ಧ ಮಾತ್ರ ಕಲ್ಪನೆ. 1971ರ ಡಿಸೆಂಬರ್ 5ರಂದು ಅಮೃತಸರದ ರಾಡಾರ್ ಮೇಲೆ ದಾಳಿಗೆ ಬಂದ ಸ್ಟಾರ್‌ಫೈಟರ್ ಒಂದನ್ನು ನಮ್ಮ ತೋಪುಗಳು ಕೆಡವಿದವು. ಪೈಲಟ್ ಪ್ಯಾರಾಚೂಟ್‌ನಲ್ಲಿ ಇಳಿದು ಸೆರೆಸಿಕ್ಕ. ಅವನೇ ಅಮ್ಜದ್ ಹುಸೇನ್, ಆರು ವರ್ಷಗಳಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದ. ಸರ್ಗೋಧಾದ ಆಕಾಶದಲ್ಲಿ ಅಂದು ಏನು ನಡೆಯಿತೆಂದು ಬಲ್ಲ ಏಕೈಕ ಮನುಷ್ಯ ಭಾರತದ ಯುದ್ಧಕೈದಿಗಳ ಶಿಬಿರದಲ್ಲೇ ಇದ್ದ. ಕೈದಿಗಳ ವಿನಿಮಯವಾದಾಗ ತನ್ನ ದೇಶಕ್ಕೆ ಮರಳಿದ. ದೇವಯ್ಯನವರ ಕಡತ ತೆರೆದುಕೊಂಡದ್ದು ಫ್ರಿಕರ್ ಪುಸ್ತಕ ಬಂದ ಮೇಲೆ, ಇನ್ನೂ ಏಳೆಂಟು ವರ್ಷ ಕಳೆದು.